ವಾರಕ್ಕ ಆರು ಚೆಸ್ಟ್ ಡೇ, ದಿನಕ್ಕ ಹನ್ನೊಂದು ಚಾ: ಬಾಗಲಕೋಟಿ ಹುಡುಗನ ಒಂದು ಪ್ರಕರಣ

ಈ ಪ್ರಕರಣ ಬರಿಯೂದಕ್ಕ ಹುಡುಗನ ಒಪ್ಪಿಗಿ ತಗೊಂಡೀನಿ. ಹೆಸರು ಬ್ಯಾರೆ ಇಟ್ಟೀನಿ, ಮಲ್ಲು ಅಂತ ಕರಿಯೂಣು. ಓಣಿ, ಮನಿತನ, ಕೆಲಸ ಮಾಡೋ ಸೊಸೈಟಿ ಯಾವುದರ ಗುರ್ತೂ ಕೊಟ್ಟಿಲ್ಲ. ಆದ್ರ ಅಂವ ಪಿಗ್ಮಿ ಎತ್ತೋ ಹುಡುಗ (ದಿನಾ ಅಂಗಡಿ ಅಂಗಡಿಗೆ ಹೋಗಿ ಸಣ್ಣ ಉಳಿತಾಯದ ರೊಕ್ಕ ಕೂಡಿಸೋ ಕೆಲಸ) ಅನ್ನೂದನ್ನ ಮಾತ್ರ ಇದ್ದಂಗ ಇಟ್ಟೀನಿ, ಯಾಕಂದ್ರ ಅದನ್ನ ಬದಲಿಸಿದ್ರ ಪ್ರಕರಣದ ಜೀವಾನ ಹೋಗ್ತೈತಿ, ಮತ್ತ ಬಾಗಲಕೋಟಿಯೊಳಗ ಪಿಗ್ಮಿ ಎತ್ತೋರು ಓಣಿಗೊಬ್ರು ಸಿಗ್ತಾರ, ಯಾರಂತ ಹುಡುಕಾಕ ಆಗಂಗಿಲ್ಲ.

ನಾನು ನವನಗರದಾಗ ಒಂದು ಸಣ್ಣ ಜಿಮ್‌ನ್ಯಾಗ ಟ್ರೇನಿಂಗ್ ಕೊಡ್ತೀನಿ. ಎದಿ ಬರಬೇಕು ಅಂತ ಬರೋ ಹುಡುಗರೊಳಗ ಭಾಳ ಮಂದಿ ಕಥಿ ಇದರ ಹತ್ರಾನ ಇರ್ತೈತಿ. ಇದರಾಗ ನಾ ಮಾಡಿದ ಒಂದು ದೊಡ್ಡ ತಪ್ಪೂ ಐತಿ, ಅದನ್ನೂ ಬರದೀನಿ, ಬ್ಯಾರೆ ಟ್ರೇನರ್‌ಗಳು ಅದನ್ನ ಮಾಡಬಾರದು ಅಂತ.

ಎರಡು ಬನಿಯನ್

ಮಲ್ಲು ನಮ್ಮಲ್ಲಿಗೆ ಬಂದಿದ್ದು ಯುಗಾದಿ ಮುಗದ ಮ್ಯಾಲ, ಏಪ್ರಿಲ್ ತಿಂಗಳದಾಗ. ವಯಸ್ಸು 24. ನಮ್ಮ ಕಡೆ ಬ್ಯಾಸಗಿ ಹೆಂಗಿರ್ತೈತಂತ ಇಲ್ಲಿಯವರಿಗೆ ಹೇಳೂದ ಬ್ಯಾಡ, ಮಧ್ಯಾಹ್ನ 40 ಡಿಗ್ರಿ ಮುಟ್ಟೂದು ಮಾಮೂಲಿ, ಅಂಥಾ ಬಿಸಿಲಾಗ ಹುಡುಗ ಶರ್ಟಿನ ಒಳಗ ಎರಡು ಬನಿಯನ್ ಹಾಕ್ಕೊಂಡಿದ್ದ, ಒಳಗಿಂದು ಒಂದು ನಂಬರ್ ಸಣ್ಣದು, ಎದಿ ಬಿಗಿ ಹಿಡೀಲಿ ಅಂತ. ಕಂಕಳದ ಕೆಳಗ ಬೆವರು ಒಣಗಿ ಶರ್ಟಿಗೆ ಬಿಳಿ ಉಪ್ಪಿನ ಗೆರಿ ಬಿದ್ದಿತ್ತು. ಹೆಗಲ ಎರಡೂ ಮುಂದಕ್ಕ ಬಗ್ಗಿಸಿ ನಿಂತಿದ್ದ, ಪಿಗ್ಮಿ ಚೀಲ ಎದಿಗೆ ಅಡ್ಡ ಹಿಡ್ಕೊಂಡ ಮಾತಾಡ್ತಿದ್ದ, ಕುಂದ್ರು ಅಂದ್ರೂ ಚೀಲ ತೊಡಿಮ್ಯಾಲ ಇಡಲಿಲ್ಲ, ಎದಿಮ್ಯಾಲೇ ಇತ್ತು.

ಹಿಂದಿನ ವರ್ಷ ಅವರಣ್ಣನ ಮದುವಿಯೊಳಗ ಸುರಗಿ ನೀರು ಹಾಕುಮುಂದ ಇವನೂ ಅಂಗಿ ತಗದು ಕುಂತಿದ್ದ, ಯಾರೋ ಏನೋ ಅಂದ್ರಂತ. ಏನಂದ್ರು ಅಂತ ಅಂವ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವತ್ತಿಂದ ಏಳು ತಿಂಗಳು ಬ್ಯಾರೆ ಕಡೆ ವರ್ಕೌಟ್ ಮಾಡ್ಯಾನ, ವಾರದಾಗ ಆರು ದಿನ, ಆರೂ ದಿನ ಎದಿ. ಬೆಂಚ್ (ಮಲಗಿ ಭಾರದ ರಾಡ್ ಎದಿಮ್ಯಾಲಿಂದ ದಬ್ಬೂದು), ಇನ್‌ಕ್ಲೈನ್, ಡಿಕ್ಲೈನ್, ಫ್ಲೈ, ಮತ್ತ ಮನಿಗೆ ಹೋಗಿ ಪುಶಪ್. ಲೆಕ್ಕ ಹಾಕಿದ್ರ ವಾರಕ್ಕ 70 ಸೆಟ್ (ಬಿಡದ ಮಾಡೋ ಒಂದು ಸುತ್ತಿಗೆ ಒಂದು ಸೆಟ್) ಮ್ಯಾಲ ಆಕ್ಕಿತ್ತು. ಎದಿ ಹಂಗ ಇತ್ತು, ಬಲ ಹೆಗಲದ ಮುಂದಿನ ಭಾಗ ಮಾತ್ರ ನೋವು ಹಿಡಿದಿತ್ತು, ರಾತ್ರಿ ಆ ಮಗ್ಗಲಾ ಮಲಗಾಕ ಆಗ್ತಿದ್ದಿಲ್ಲ.

ಊಟದ್ದೂ ಒಂದು ಪ್ರಯತ್ನ ಆಗಿತ್ತು. ಮೊಬೈಲ್‌ನ್ಯಾಗ ಯಾರದೋ ಡಯಟ್ ಚಾರ್ಟ್ ನೋಡಿ ಬೇಯಿಸಿದ ಚಿಕನ್, ಓಟ್ಸ್, ಬ್ರೌನ್ ರೈಸ್ ಅಂತ ಶುರು ಮಾಡಿದ್ದ. ಅವರ ಮನ್ಯಾಗ ತತ್ತಿ ಸುದ್ದಾ ಬರಂಗಿಲ್ಲ. ಹೊರಗ ಡಬ್ಬಿ ಕಟ್ಟಿಸ್ಕೊಂಡು ಬಸ್ ಸ್ಟ್ಯಾಂಡ್ ಹಿಂದ ಕುಂತು ತಿಂತಿದ್ದನಂತ, ಹನ್ನೊಂದು ದಿನ ತಿಂದು ಬಿಟ್ಟ. ಅವ್ವಗ ಸುಳ್ಳು ಹೇಳೂದು ನನಗ ಆಗವಲ್ದು ಸರ್ ಅಂದ. ಆ ಮಾತು ನಾ ನೆನಪಿಟ್ಟೆ, ಇವನಿಗೆ ಏನು ಪ್ಲ್ಯಾನ್ ಮಾಡಿದ್ರೂ ಅದು ಅವರವ್ವನ ಅಡಗಿ ಮನಿ ದಾಟಿ ಹೋಗಬಾರದು ಅಂತ ಅವತ್ತ ತೀರ್ಮಾನ ಮಾಡ್ದೆ. (ಹಂಗ ತೀರ್ಮಾನ ಮಾಡಿ ನಾನ ಅದನ್ನ ಹೆಂಗ ಮರ್ತೆ ಅನ್ನೂದು ಮುಂದ ಬರ್ತೈತಿ.)

ಅಳತಿ, ಆಮ್ಯಾಲ ಡಾಕ್ಟರ್

ಎತ್ತರ 170 ಸೆಂಟಿಮೀಟರ್. ತೂಕ 78.4 ಕೆಜಿ. ಹೊಕ್ಕಳದ ಮಟ್ಟಕ್ಕ ಸೊಂಟ 94 ಸೆಂಟಿಮೀಟರ್, ಎದಿ 98. ಬೆಂಚ್ ಮ್ಯಾಲ 60 ಕೆಜಿ ಹಾಕ್ತೀನಿ ಅಂದ, ಹಾಕಿಸಿ ನೋಡಿದ್ರ ರಾಡ್ ಅರ್ಧಕ್ಕ ಬಂದು ವಾಪಸ್ ಹೋಗ್ತಿತ್ತು, ಮೊಣಕೈ ಎರಡೂ ಹೆಗಲದ ನೇರಕ್ಕ ಅಗಲ ಬಿಚ್ಚಿದ್ದ, ಬೆನ್ನು ಬೆಂಚಿಗೆ ಸಪಾಟ ಬಿದ್ದು ಹೆಗಲ ಮುಂದ ಉಬ್ಬಿತ್ತು. ಹೆಗಲ ನೋವಿನ ಕಾರಣ ಅಲ್ಲೇ ಕಾಣ್ತಿತ್ತು.

ಆದ್ರ ಎದಿ ವಿಷಯಕ್ಕ ನಾ ಮೊದಲ ಮಾಡಿದ್ದು ಜಿಮ್ ಕೆಲಸ ಅಲ್ಲ. ಮೊಲೆತೊಟ್ಟಿನ ಕೆಳಗ ಎರಡು ಬೆರಳಲೆ ಹಗೂರಕ ಹಿಡದು ನೋಡು ಅಂದೆ, ಬರೇ ಮೆತ್ತಗ ಕೊಬ್ಬು ಹತ್ತತೈತೇನು, ಇಲ್ಲಾ ಒಳಗ ನಾಣ್ಯದಂಗ, ರಬ್ಬರಿನಂಗ ಗಟ್ಟಿ ಏನರೆ ಹತ್ತತೈತೇನು ಅಂತ. ಬಲಕ್ಕ ಬರೇ ಮೆತ್ತಗ, ಎಡಕ್ಕ ಸಣ್ಣದೊಂದು ಗಟ್ಟಿ ಐತಿ ಅಂದ. ಇದು ಯಾಕ ಮುಖ್ಯ ಅಂದ್ರ ಗಂಡಸರ ಎದಿ ಉಬ್ಬೂದಕ್ಕ ಎರಡು ಕಾರಣ ಇರ್ತಾವ. ಒಂದು ಬರೇ ಕೊಬ್ಬು. ಇನ್ನೊಂದು ಗೈನೆಕೊಮಾಸ್ಟಿಯಾ, ಅಂದ್ರ ಗಂಡಸರಲ್ಲೂ ಇರೋ ಆ ಗ್ರಂಥಿ ಖರೇನ ಬೆಳಿಯೂದು. ಹುಡುಗರು ವಯಸ್ಸಿಗೆ ಬರೋ ಮುಂದ ಹಾರ್ಮೋನ್ ಏರುಪೇರಾಗಿ ಇದು ಭಾಳ ಮಂದಿಗೆ ಬರ್ತೈತಿ, ಬಹುತೇಕ ಆರು ತಿಂಗಳದಿಂದ ಎರಡು ವರ್ಷದೊಳಗ ತಾನ ಇಳೀತೈತಿ, ಕೆಲವರಿಗೆ ಒಂದೀಟು ಉಳೀತೈತಿ. ಕೆಲವು ಔಷಧ, ಥೈರಾಯ್ಡ್, ಲಿವರ್ ತೊಂದರಿ, ಸ್ಟೀರಾಯ್ಡ್ ಇವುಗಳಿಂದಾನೂ ಬರ್ತೈತಿ. ಕೊಬ್ಬು ಊಟ ಮತ್ತ ವ್ಯಾಯಾಮಕ್ಕ ಕರಗ್ತೈತಿ, ಗ್ರಂಥಿ ಯಾವ ಬೆಂಚಿಗೂ ಕರಗಂಗಿಲ್ಲ. ಇದನ್ನ ಗೊತ್ತು ಮಾಡ್ಕೊಳ್ಳದ ಹುಡುಗನ್ನ ವರ್ಷಗಟ್ಟಲೆ ದುಡಿಸೂದು ತಪ್ಪು.

ಡಾಕ್ಟರ್ ಹತ್ರ ಹೋಗಾಕ ಅಂವ ಒಪ್ಪಲಿಲ್ಲ, ನಾಚಿಕಿ. ಎಂಟು ದಿನ ದಿನಾ ಹೇಳ್ದೆ. ಕಡೀಕ ನಾನ ಜೋಡಿ ಹೋದೆ, ಹೊರಗ ಕುಂತೆ. ರಕ್ತ ಪರೀಕ್ಷಿ, ಸ್ಕ್ಯಾನ್ ಎಲ್ಲಾ ಆತು. ಹಾರ್ಮೋನ್ ಸರಿ ಅದಾವ, ಎಡಕ್ಕ ಹಳೇದೊಂದು ಸಣ್ಣ ಗ್ರಂಥಿ ಐತಿ, ಉಳಿದಿದ್ದೆಲ್ಲಾ ಕೊಬ್ಬು, ಮೊದಲ ತೂಕ ಇಳಿಸು ಆಮ್ಯಾಲ ನೋಡೂಣು ಅಂದ್ರು. ಹೊರಗ ಬಂದು ಮಲ್ಲು ಉಸಿರು ಬಿಟ್ಟಿದ್ದು ನನಗ ಇನ್ನೂ ನೆನಪೈತಿ, ಇಷ್ಟು ದಿನ ಅಂವ ಒಳಗೊಳಗ ಇದು ಕ್ಯಾನ್ಸರ್ ಇರಬೇಕು ಅಂತ ಹೆದರಿದ್ದನಂತ. ಒಂದ ಕಡೆ ಕಲ್ಲಿನಂಗ ಗಟ್ಟಿ, ಲಗೂನ ಬೆಳಿಯೂದು, ತೊಟ್ಟಿನಿಂದ ರಕ್ತ ಇಲ್ಲಾ ನೀರು ಬರೂದು, ಹಂಗೇನರೆ ಇದ್ರ ಯಾರೂ ಎಂಟು ದಿನ ಸುದ್ದಾ ಕಾಯಬಾರದು.

ನಾ ಮಾಡಿದ ತಪ್ಪು

ಮೊದಲ ಐದು ವಾರ ನಂದ ತಪ್ಪು. ದಿನಕ್ಕ ಎಷ್ಟು ರೊಟ್ಟಿ ಅಂತ ಕೇಳ್ದೆ, ಆರು ಅಂದ. ನಾ ಹಿಂದ ಮುಂದ ನೋಡದ ಎರಡು ಮಾಡು ಅಂದೆ. ರೊಟ್ಟಿ ಬದಲಿ ಸೌತಿಕಾಯಿ, ಗಜ್ಜರಿ, ಮುಂಜಾನೆ ಓಟ್ಸ್. ಮೂರು ವಾರದಾಗ 2.1 ಕೆಜಿ ಇಳೀತು, ನಾವಿಬ್ರೂ ಖುಷಿ. ನಾಲ್ಕನೇ ವಾರ ಸೂಜಿ ನಿಂತು ಬಿಡ್ತು. ಫಾರ್ಮ್ ಸರಿ ಮಾಡಿ 40 ಕೆಜಿಗೆ ಇಳಿಸಿದ್ದ ಬೆಂಚ್ ಮೊದಮೊದಲ ಎಂಟು ರೆಪ್ಸ್ (ಬಿಡದ ಎಂಟು ಸಲ ಎತ್ತೂದು) ಬರ್ತಿತ್ತು, ಐದನೇ ವಾರಕ್ಕ ಐದು ಬರೂದೂ ಕಷ್ಟ ಆತು. ಒಂದಿನ ಬೈಕ್ ಇಳಿಯುಮುಂದ ಕಣ್ಣಿಗೆ ಕತ್ತಲಿ ಬಂದು ಅಂಗಡಿ ಕಟ್ಟಿಮ್ಯಾಲ ಕುಂತಿದ್ದನಂತ.

ಅವತ್ತ ಸಂಜೀಕ ಅವರವ್ವ ಫೋನ್ ಮಾಡಿದ್ರು. ಸಿಟ್ಟಿಲೆ ಮಾತಾಡಲಿಲ್ಲ, ಸಿಟ್ಟು ಮಾಡಿದ್ರ ನನಗ ಹಗೂರ ಆಕ್ಕಿತ್ತು.

"ಮಾಸ್ತರ, ನೀವು ಕಲ್ತವರದೀರಿ, ನಾ ಏನ್ ಹೇಳ್ಲಿ. ಅವರಜ್ಜ ಗರಡಿ ಮನ್ಯಾಗ ಸಾಮು ಮಾಡಿದಾಂವ, ರೊಟ್ಟಿ ತಿಂದ ಮಾಡಿದಾಂವ. ನನ್ನ ಮಗ ಈಗ ತಾಟಿನ ಮುಂದ ಕುಂತು ರೊಟ್ಟಿ ಎಣಸ್ತಾನ್ರಿ. ಎಣಿಸಿದ ಅನ್ನ ಮೈಗೆ ಹತ್ತತೈತೇನ್ರಿ?"

"ಇಲ್ರಿ ಅಕ್ಕಾರ, ತಪ್ಪಾಗೈತಿ, ನಾಳಿಂದ ಬದಲಿ ಮಾಡ್ತೀನಿ," ಅಂದೆ. ಅದಕ್ಕಿಂತ ಹೆಚ್ಚಿಗಿ ಹೇಳಾಕ ನನ್ನ ಕಡೆ ಏನೂ ಇದ್ದಿಲ್ಲ. ನಾ ರೊಟ್ಟಿ ಎಷ್ಟಂತ ಕೇಳಿದ್ದೆ, ದಿನ ಹೆಂಗ ಹೋಗ್ತೈತಿ ಅಂತ ಕೇಳಿದ್ದಿಲ್ಲ.

ಡೈರಿ

ಮರುದಿನ ಅವನ ಚೀಲದಾಗ ಇದ್ದ ಹಳೇ ಪಿಗ್ಮಿ ಡೈರಿ ತಗಸಿದೆ, ಅದರ ಹಿಂದಿನ ಖಾಲಿ ಹಾಳಿಮ್ಯಾಲ ಮೂರು ದಿನ ಬಾಯಾಗ ಹೋಗಿದ್ದೆಲ್ಲಾ ಬರಿ ಅಂದೆ. ಊಟ ಅಂತ ಅಲ್ಲ, ಬಾಯಾಗ ಹೋಗಿದ್ದು. ಅಳತಿ ಬ್ಯಾಡ, ವ್ಯಾಳೆ ಮತ್ತ ಏನು ಅನ್ನೂದು ಸಾಕು.

ಮೊದಲ ದಿನದ ಹಾಳಿ ನನ್ನ ಹತ್ರ ಇನ್ನೂ ಫೋಟೋ ಐತಿ. 10.20 ಚಾ. 10.45 ಚಾ. 11.10 ಚಾ, ಎರಡು ಬಿಸ್ಕೀಟ್. 11.30 ಚಾ. ಹಿಂಗ ಹೋಗಿ ರಾತ್ರಿ 8.15ಕ್ಕ ಹನ್ನೊಂದನೇ ಚಾ. ನಡುವ 5 ಗಂಟೇಕ ಚುರಮರಿ, ಮಿರ್ಚಿ ಎರಡು. ಎರಡನೇ ದಿನ ಹತ್ತು ಚಾ. ಮೂರನೇ ದಿನ ಮತ್ತ ಹನ್ನೊಂದು.

ಪಿಗ್ಮಿ ಎತ್ತೋರ ಕೆಲಸ ಗೊತ್ತಿದ್ದವರಿಗೆ ಇದು ಆಶ್ಚರ್ಯ ಅಲ್ಲ. ಕಿರಾಣಿ ಅಂಗಡಿ, ಟೇಲರ್, ಬಳಿ ಅಂಗಡಿ, ಎಲ್ಲಿ ಹೋದ್ರೂ ಬಾ ತಮ್ಮಾ ಚಾ ಕುಡಿ ಅಂತಾರ, ಬ್ಯಾಡ ಅಂದ್ರ ಅವರ ಮನಸಿಗೆ ಹತ್ತತೈತಿ, ಮನಸಿಗೆ ಹತ್ತಿದ್ರ ನಾಳೆ ಪಿಗ್ಮಿ ನಿಲ್ತೈತಿ. ಅದು ಅವನ ಹೊಟ್ಟಿ ಪಾಡು. ಒಂದು ಸಣ್ಣ ಕಪ್ ಚಾದಾಗ ಎರಡು ಚಮಚಿ ಸಕ್ಕರಿ ಹಿಡದ್ರ 35-40 ಕ್ಯಾಲರಿ, ಹಾಲಿಂದು ಇನ್ನೊಂದು 20-25, ಒಟ್ಟು ಸುಮಾರು 60. ಹನ್ನೊಂದಕ್ಕ 660. ಅರವತ್ತು ಗ್ರಾಂ ಹಿಟ್ಟಿನ ಒಂದು ಜ್ವಾಳದ ರೊಟ್ಟಿಗೆ 200ರ ಆಜುಬಾಜು. ಅಂದ್ರ ದಿನಾ ಮೂರು ರೊಟ್ಟಿಯಷ್ಟು ಚಾ. ನಾ ಅವನ ತಾಟಿನಿಂದ ರೊಟ್ಟಿ ಕಿತ್ತಿದ್ದೆ, ಹಸಿವಿಗೆ ಅಂವ ಚಾ ಮತ್ತ ಮಿರ್ಚಿ ಹೆಚ್ಚು ಮಾಡಿದ್ದ. ಕಸುವು ಕೊಡೋದು ಹೋತು, ಸಕ್ಕರಿ ಎಣ್ಣಿ ಉಳೀತು.

ಲೆಕ್ಕ ತೋರಿಸಿದಾಗ ಮಲ್ಲು ಸ್ವಲ್ಪ ಹೊತ್ತು ಹಾಳಿ ನೋಡಿ, "ಸರ್, ಇದು ಪಿಗ್ಮಿ ತುಂಬಿದಂಗ ಆತಲ್ರಿ, ದಿನಾ ಹತ್ತು ರೂಪಾಯಿ ಅಂತ ಯಾರಿಗೂ ಗೊತ್ತಾಗಂಗಿಲ್ಲ, ವರ್ಷಕ್ಕ ಮೂರೂವರಿ ಸಾವಿರ ದಾಟ್ತೈತಿ," ಅಂದ. ನಾ ಇಷ್ಟು ವರ್ಷ ಕ್ಯಾಲರಿ ಬಗ್ಗೆ ಹೇಳಿದ್ದರೊಳಗ ಅಷ್ಟು ಚಂದ ಯಾವತ್ತೂ ಹೇಳಿಲ್ಲ.

ಚಾ ಪೂರ್ತಿ ಬಿಡಿಸಾಕ ನಾ ಹೋಗಲಿಲ್ಲ. ದಿನಕ್ಕ ಎರಡು ಚಾ, ಯಾವ ಅಂಗಡಿಯೊಳಗ ಅಂತ ಅವನ ಆರಿಸಬೇಕು. ಉಳಿದ ಕಡೆ ಏನು ಹೇಳಬೇಕು ಅನ್ನೂದ ದೊಡ್ಡ ಪ್ರಶ್ನಿ ಆತು. ಡಯಟ್ ಅಂದ್ರ ನಗ್ತಾರ, ಶುಗರ್ ಅಂದ್ರ ಊರ ತುಂಬ ಸುದ್ದಿ ಆಗಿ ನಾಳೆ ಹೆಣ್ಣು ಕೊಡಂಗಿಲ್ಲ. ಕಡೀಕ ಅವನ ಒಂದು ದಾರಿ ಹುಡುಕಿದ: "ಪಿತ್ತ ಆಗೈತ್ರಿ, ನೀರು ಕೊಡ್ರಿ." ಪಿತ್ತಕ್ಕ ನಮ್ಮ ಮಂದಿ ಮರ್ಯಾದಿ ಕೊಡ್ತಾರ. ಎರಡು ವಾರದಾಗ ಕೆಲವು ಅಂಗಡಿಯವರು ಬ್ಯಾಸಗಿ ಅಂತ ಮಜ್ಜಿಗಿ ಕೊಡಾಕ ಶುರು ಮಾಡಿದ್ರು.

ತಾಟಿನ್ಯಾಗ ಏನು ಬದಲಾತು

ಮುಂದಿನ ರವಿವಾರ ಅವರ ಮನಿಗೆ ಹೋದೆ, ಅವರವ್ವನ ಮುಂದ ಕುಂತು ಪ್ಲ್ಯಾನ್ ಮಾಡಿದ್ವಿ. ಇದು ಈ ಪ್ರಕರಣದಾಗ ನಾ ಮಾಡಿದ ಚಲೋ ಕೆಲಸ ಅಂತ ಹೇಳ್ತೀನಿ.

ಮೊದಲ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಅಂದ್ರ ಐಸಿಎಂಆರ್‌ನ 2020ರ ಶಿಫಾರಸು ಪ್ರಕಾರ ಸಾಮಾನ್ಯ ಮನುಷ್ಯಾಗ ಒಂದು ಕೆಜಿ ತೂಕಕ್ಕ ದಿನಕ್ಕ 0.83 ಗ್ರಾಂ ಪ್ರೋಟೀನ್. ಭಾರ ಎತ್ತಿ ಸ್ನಾಯು ಬೆಳಸೋರಿಗೆ ಅದು ಸಾಲಂಗಿಲ್ಲ, 2018ರಾಗ ಬಂದ ಒಂದು ದೊಡ್ಡ ಸಂಶೋಧನಾ ವಿಶ್ಲೇಷಣಿ 1.6 ಗ್ರಾಂ ಹತ್ರ ಇದ್ರ ಲಾಭ ಸಿಗ್ತೈತಿ, ಅದರ ಮ್ಯಾಲ ಹೋದ್ರ ಅಂಥಾ ಹೆಚ್ಚಿನ ಲಾಭ ಇಲ್ಲ ಅಂತ ತೋರಿಸಿತ್ತು. ಮಲ್ಲುಗ ನಾವು ಮುಟ್ಟಬೇಕಾದ ತೂಕ 70 ಅಂತ ಹಿಡದು 110 ಗ್ರಾಂ ಇಟ್ವಿ. ಅಂವ ತಿಂತಿದ್ದದ್ದು 55ರ ಸುತ್ತಮುತ್ತ.

ರೊಟ್ಟಿ ನಾಕು ಮಾಡಿದ್ವಿ, ಮಧ್ಯಾಹ್ನ ಎರಡು ರಾತ್ರಿ ಎರಡು. ಅದರಾಗ 24 ಗ್ರಾಂ ಬರ್ತೈತಿ. ಜ್ವಾಳದ ಪ್ರೋಟೀನ್‌ನ್ಯಾಗ ಲೈಸಿನ್ (ಪ್ರೋಟೀನ್ ಕಟ್ಟೋ ಒಂದು ಅಮೈನೋ ಆಮ್ಲ) ಕಮ್ಮಿ, ಕಾಳಿನ್ಯಾಗ ಲೈಸಿನ್ ಜಾಸ್ತಿ, ಅದಕ್ಕ ರೊಟ್ಟಿ ಜೋಡಿ ಕಾಳುಪಲ್ಲೆ ತಿನ್ನೂದು ನಮ್ಮ ಹಿರ್ಯಾರು ಸುಮ್ಮನ ಮಾಡಿದ್ದಲ್ಲ. ಆದ್ರ ಅವರ ಮನ್ಯಾಗ ಕಾಳುಪಲ್ಲೆ ವಾರಕ್ಕ ಎರಡ ಸಲ ಆಗ್ತಿತ್ತು, ಉಳಿದ ದಿನ ಬದನಿಕಾಯಿ, ಬಟಾಟಿ, ಝುಣಕ. ದಿನಾ ಮಧ್ಯಾಹ್ನ ಹೆಸರು ಇಲ್ಲಾ ಹುರಳಿ, ಒಣ ಅಳತಿ 50 ಗ್ರಾಂ, ಅದು 11-12 ಗ್ರಾಂ. ಮುಂಜಾನೆ ಮೊಳಕಿ ಬಂದ ಮಡಿಕಿ ಕಾಳು, ವರ್ಕೌಟ್ ಆದಮ್ಯಾಲ 300 ಎಂಎಲ್ ಹಾಲಿನ್ಯಾಗ ಒಂದು ಸ್ಕೂಪ್ ವೇ (ಹಾಲಿನಿಂದ ತಗದ ಪ್ರೋಟೀನ್ ಪುಡಿ), ಊಟದಾಗ ಒಂದು ವಾಟಗಾ ತುಂಬ ಮೊಸರು, ಸಂಜಿ 5ಕ್ಕ ಮಿರ್ಚಿ ಜಾಗಾದಾಗ ಕಿಸೆದಾಗ ಇಟ್ಕೊಂಡ ಪುಠಾಣಿ ಒಂದು ಹಿಡಿ, ರಾತ್ರಿ ಸೋಯಾ ಚಂಕ್ಸ್ ಒಣದು 40 ಗ್ರಾಂ, ಬ್ಯಾಸರ ಆದ್ರ ಪನೀರ್. ಸೋಯಾದಾಗ 100 ಗ್ರಾಂಗೆ 50ರ ಮ್ಯಾಲ ಪ್ರೋಟೀನ್ ಐತಿ, ಸಸ್ಯಾಹಾರದವರಿಗೆ ಅದರಷ್ಟು ಸಸ್ತಾ ಬ್ಯಾರೆ ಯಾವುದೂ ಇಲ್ಲ. ಅವರವ್ವಗ ಮೊದಲ ಅದರ ವಾಸನಿ ಹಿಡಿಸಲಿಲ್ಲ. ಬಿಸಿನೀರಾಗ ನೆನಸಿ ಮೂರು ಸಲ ಹಿಂಡಿ, ಎಣ್ಣಿಗಾಯಿ ಬದನಿಕಾಯಿಗೆ ಹಾಕೋ ಮಸಾಲಿ ಹಾಕಿ ಮಾಡಿದ್ರು, ಆಮ್ಯಾಲ ಮನಿಮಂದಿ ಎಲ್ಲಾರೂ ತಿನ್ನಾಕ ಹತ್ತಿದ್ರು.

ಒಟ್ಟು ಪ್ರೋಟೀನ್ 110 ದಾಟ್ತು, ಕ್ಯಾಲರಿ ಎರಡು ಚಾ ಹಿಡದು 2,100ರ ಹತ್ರ ನಿಂತು. ಅವನ ತೂಕ, ಎತ್ತರ, ಬೈಕ್ ಮ್ಯಾಲಿನ ಕೆಲಸಕ್ಕ ತೂಕ ಹಂಗ ಇರಬೇಕಂದ್ರ 2,400 ಬೇಕಾಗ್ತಿತ್ತು, ಅಂದ್ರ ದಿನಕ್ಕ 300 ಕಮ್ಮಿ, ಹೊಟ್ಟಿ ಉಪವಾಸ ಬೀಳದಷ್ಟು.

ಒಂದು ವಾದ ಆತು, ಶೇಂಗಾ ಹಿಂಡಿ (ಚಟ್ನಿ ಪುಡಿ) ಬಗ್ಗೆ. ಶೇಂಗಾದಾಗ ಪ್ರೋಟೀನ್ ಐತಲ್ರಿ ಮಾಸ್ತರ ಅಂದ್ರು ಅವರು. ಐತಿ, 100 ಗ್ರಾಂನ್ಯಾಗ 25 ಗ್ರಾಂ ಐತಿ, ಆದ್ರ ಅದರ ಜೋಡಿ 49 ಗ್ರಾಂ ಕೊಬ್ಬು, 560ರ ಮ್ಯಾಲ ಕ್ಯಾಲರಿ, ಮ್ಯಾಲ ಒಳ್ಳೆಣ್ಣಿ ಬ್ಯಾರೆ ಹಾಕ್ಕೊಂತೀವಿ. ಹಿಂಡಿ ರುಚಿಗೆ ಒಂದು ಚಮಚಿ ಅಂತ ರಾಜಿ ಆತು.

ಬೆಂಚ್ ಮ್ಯಾಲ

ಆರು ಚೆಸ್ಟ್ ಡೇ ಎರಡು ಆತು, ಸೋಮವಾರ ಮತ್ತ ಗುರುವಾರ. ಪ್ರತಿ ಸಲ ಫ್ಲ್ಯಾಟ್ ಬೆಂಚ್ ಮೂರು ಸೆಟ್, 30 ಡಿಗ್ರಿ ಇನ್‌ಕ್ಲೈನ್ ಡಂಬೆಲ್ ಮೂರು, ಕೇಬಲ್ ಫ್ಲೈ ಎರಡು. ವಾರಕ್ಕ 16 ಸೆಟ್. ಸ್ನಾಯು ಬೆಳಿಯಾಕ ವಾರಕ್ಕ 10ರಿಂದ 20 ಚಲೋ ಸೆಟ್ ಸಾಕು ಅನ್ನೂದು ಈಗ ಹೆಚ್ಚು ಕಮ್ಮಿ ಎಲ್ಲಾರೂ ಒಪ್ಪಿದ ಮಾತು. ಆದ್ರ ಹುಡುಗನ್ನ ಒಪ್ಪಿಸೂದು ಡಯಟ್‌ಗಿಂತ ಕಷ್ಟ ಆತು, ಎದಿ ಮಾಡದ ದಿನ ಅವಗ ತಪ್ಪು ಮಾಡಿದಂಗ ಅನಸ್ತಿತ್ತು, ಕದ್ದು ಪುಶಪ್ ಹೊಡೀತಿದ್ದ.

ಅವಗ ನಾ ಅವರಜ್ಜನ ಗರಡಿ ಮನಿ ನೆನಪು ಮಾಡಿಕೊಟ್ಟೆ. ಪೈಲ್ವಾನರ ಎದಿ ದಂಡದಿಂದ ಬಂತು ಅಂತ ಎಲ್ಲಾರೂ ಹೇಳ್ತಾರ, ಖರೆ, ಆದ್ರ ಅವರು ಬರೇ ದಂಡ ಹೊಡೀತಿದ್ದಿಲ್ಲ. ಬೈಠಕ್ ಹೊಡೀತಿದ್ರು, ಹಗ್ಗ ಏರತಿದ್ರು, ಸಂಗ್ರಾಣಿ ಕಲ್ಲು ಎತ್ತತಿದ್ರು, ಮತ್ತ ಅಖಾಡದ ಮಣ್ಣು ಸಲಿಕಿಲೆ ಕಡದು ಹದ ಮಾಡ್ತಿದ್ರು. ಆ ಮಣ್ಣು ಕಡಿಯೂದು ಅಂದ್ರ ಬೆನ್ನಿನ ಕೆಲಸ, ಎಳಿಯೋ ಕೆಲಸ. ಮಲ್ಲು ಏಳು ತಿಂಗಳು ಬರೇ ದಬ್ಬಿದ್ದ, ಒಂದಿನ ಎಳದಿರಲಿಲ್ಲ. ಎದಿ ಸ್ನಾಯು ಕೊರಳ ಎಲುಬು, ಎದಿ ಎಲುಬು, ಪಕ್ಕೆಲುಬಿನಿಂದ ಹೊಂಟು ಹೋಗಿ ತೋಳಿನ ಎಲುಬಿಗೆ ಕೂಡ್ತೈತಿ, ತೋಳನ್ನ ಮುಂದಕ್ಕ ಒಳಕ್ಕ ಎಳಿಯೂದು ಅದರ ಕೆಲಸ. ಹಿಂದಿನ ಸ್ನಾಯು ಸೊರಗಿ ಮುಂದಿಂದ ಬಿಗಿದ್ರ ಹೆಗಲ ಮುಂದ ಬಾಗ್ತಾವ, ಹೆಗಲ ಬಾಗಿದ್ರ ಎದಿ ಒಳಗ ಕುಂದ್ರತೈತಿ, ಮ್ಯಾಲಿನ ಕೊಬ್ಬು ಜೋತು ಕಾಣ್ತೈತಿ. ಅಂವ ಮುಚ್ಚಿಡಾಕ ಹೆಗಲ ಬಗ್ಗಿಸಿದಷ್ಟು ಅದು ಹೆಚ್ಚು ಕಾಣ್ತಿತ್ತು.

ಅದಕ್ಕ ಎದಿಗೆ 16 ಸೆಟ್ ಆದ್ರ ಬೆನ್ನಿಗೆ 20 ಇಟ್ಟೆ, ಎಲ್ಲಾ ಎಳಿಯೋ ವ್ಯಾಯಾಮ, ರೋ, ಪುಲ್‌ಡೌನ್, ಫೇಸ್ ಪುಲ್. ಕಾಲಿಗೆ ಎರಡು ದಿನ. ಬೆಂಚ್ ಮ್ಯಾಲ ಮೊದಲ ಹತ್ತು ದಿನ ಬರೇ ಖಾಲಿ ರಾಡ್. ಹೆಗಲದ ರೆಕ್ಕಿ ಎರಡೂ ಹಿಂದ ಕೆಳಗ ಎಳದು ಬೆಂಚಿಗೆ ಒತ್ತು, ಮೊಣಕೈ ಪಕ್ಕಡಿಯಿಂದ 45-60 ಡಿಗ್ರಿ ಇರಲಿ, ರಾಡ್ ಎದಿಗೆ ಮುಟ್ಟಿ ಒಂದು ಕ್ಷಣ ನಿಂದ್ರಲಿ, ಪುಟಿಸಬ್ಯಾಡ. ಅವನ ಬೆನ್ನಿನ ಕೆಳಗ ರೆಕ್ಕಿ ನಡುವ ನನ್ನ ಎರಡು ಬೆರಳು ಇಟ್ಟು ಇದನ್ನ ಹಿಡಿ ಅಂತಿದ್ದೆ. ಒಂಬತ್ತನೇ ದಿನ ಬೆರಳು ಸಿಕ್ಕಿ ಬಿತ್ತು, ಮತ್ತ ಅವತ್ತ ಸೆಟ್ ಮುಗದ ಮ್ಯಾಲ ಅಂವ ಎದಿಮ್ಯಾಲ ಕೈ ಇಟ್ಕೊಂಡು, ಸರ್ ಇಲ್ಲಿ ಉರಿಯಾಕ ಹತ್ತೈತಿ ಅಂದ. ಏಳು ತಿಂಗಳದಾಗ ಮೊದಲ ಸಲ ಅವಗ ಎದಿಯೊಳಗ ಕೆಲಸ ಗೊತ್ತಾಗಿತ್ತು.

ಹೆಗಲ ನೋವು ಎಂಟನೇ ವಾರಕ್ಕ ಹೋತು. ಆಮ್ಯಾಲ ವಾರ್ಮಪ್‌ಗೆ ದಂಡ ಸೇರಿಸಿದ್ವಿ. ನಿದ್ದಿನೂ ಐದೂವರಿ ತಾಸಿದ್ದದ್ದು ಏಳಕ್ಕ ಬಂತು, ಮೊಬೈಲ್ ಹೊರಗಿನ ಖೋಲಿಯಾಗ ಚಾರ್ಜಿಗೆ ಹಚ್ಚಿ ಮಲಗಾಕ ಹತ್ತಿದ ಮ್ಯಾಲ.

ಗುಳಿಗಿ

ಹದಿಮೂರನೇ ವಾರ ಅಳತಿ ತಗೊಂಡ್ರ ತೂಕ 74.6, ಸೊಂಟ 89, ಎದಿ 96. ಎದಿ ಎರಡು ಸೆಂಟಿಮೀಟರ್ ಕಮ್ಮಿ. ಅವನ ಮುಖ ಇಳೀತು. ಎದಿ ಮಾಡಾಕ ಬಂದು ಇದ್ದ ಎದಿ ಕಳ್ಕೊಂಡೆ ಅನ್ನೋ ಹಂಗ.

ನಾಕು ದಿನ ಬಿಟ್ಟು ವರ್ಕೌಟ್ ಮುಗದ ಮ್ಯಾಲ ಶೂ ಬಿಚ್ಚೋ ಕಡೆ ಬಂದು, ಮುಠಿಗಿಯೊಳಗ ಒಂದು ಗುಳಿಗಿ ಶೀಟ್ ತೋರಿಸಿದ. ಹಳೇ ಜಿಮ್ಮಿನ ಗೆಳೆಯಾ ಕೊಟ್ಟಿದ್ದು, ಆರು ವಾರದಾಗ ಎದಿ ಬರ್ತೈತಿ ಅಂದಾನ, ಚೀಟಿ ಇಲ್ಲ ಏನಿಲ್ಲ. ತಿಂದಿದ್ದಿಲ್ಲ, ಕೇಳಾಕ ತಂದಿದ್ದ. ಬೈಯೂದಿದ್ರ ಬೈಬಹುದಿತ್ತು, ಆದ್ರ ಬೈದ್ರ ಮುಂದಿನ ಸಲ ತೋರಿಸಂಗಿಲ್ಲ.

ಕುಂದ್ರಿಸಿ ಹೇಳ್ದೆ. ಇದು ಅನಾಬಾಲಿಕ್ ಸ್ಟೀರಾಯ್ಡ್, ಅಂದ್ರ ಟೆಸ್ಟೊಸ್ಟೆರಾನ್ ಅನ್ನೋ ಗಂಡು ಹಾರ್ಮೋನಿನಂಥಾದ್ದು, ಡಾಕ್ಟರ್ ಚೀಟಿ ಇಲ್ಲದ ಮಾರೂದೂ ತಪ್ಪು. ಮೈಯೊಳಗ ಅರೋಮಟೇಸ್ ಅನ್ನೋ ಎನ್‌ಜೈಮ್ ಐತಿ, ಇಂಥಾ ಹಾರ್ಮೋನ್ ಹೆಚ್ಚಾತಂದ್ರ ಅದರಾಗ ಒಂದಿಷ್ಟನ್ನ ಈಸ್ಟ್ರೋಜನ್ ಮಾಡ್ತೈತಿ, ಈಸ್ಟ್ರೋಜನ್ ಹೆಚ್ಚಾದ್ರ ಎದಿ ಗ್ರಂಥಿ ಬೆಳೀತೈತಿ. ನಿನಗ ಎಡಕ್ಕ ಮೊದಲ ಒಂದು ಗ್ರಂಥಿ ಐತಿ. ಯಾವುದನ್ನ ಕಳ್ಕೊಳ್ಳಾಕ ಇಷ್ಟು ಕಷ್ಟ ಪಡಾಕ ಹತ್ತೀಯೋ ಅದನ್ನ ಈ ಗುಳಿಗಿ ಬೆಳಸ್ತೈತಿ. ಗುಳಿಗಿ ರೂಪದ್ದು ಲಿವರಿಗೆ ಕೆಟ್ಟದ್ದು, ಚಲೋ ಕೊಲೆಸ್ಟ್ರಾಲ್ ಇಳಸ್ತೈತಿ, ಮೈ ತನ್ನ ಸ್ವಂತ ಟೆಸ್ಟೊಸ್ಟೆರಾನ್ ಮಾಡೂದು ನಿಲ್ಲಸ್ತೈತಿ, ಮುಂದ ಮಕ್ಕಳಾಗೂದಕ್ಕೂ ತೊಂದರಿ.

ಆಮ್ಯಾಲ ಮೊದಲ ವಾರದ ಫೋಟೋ ಮತ್ತ ಅವತ್ತಿನ ಫೋಟೋ ಒಂದರ ಮಗ್ಗಲಕ ಒಂದು ಇಟ್ಟೆ. ಟೇಪ್‌ಗೆ ಕೊಬ್ಬು ಯಾವುದು ಸ್ನಾಯು ಯಾವುದು ಗೊತ್ತಾಗಂಗಿಲ್ಲ. ಎದಿಮ್ಯಾಲಿನ ಕೊಬ್ಬು, ಬೆನ್ನಿನ ಕೊಬ್ಬು ಎರಡೂ ಇಳದ್ರ ಸುತ್ತಳತಿ ಇಳಿಯೂದ. ಅದ ಹೊತ್ತಿಗೆ ಬೆಂಚ್ 40ರಿಂದ 50 ಆಗಿತ್ತು, ಎಂಟು ಪೂರ್ತಿ ರೆಪ್ಸ್. ಸ್ನಾಯು ಕಡಿಮಿ ಆಗಿದ್ರ ಅದು ಏರತಿದ್ದಿಲ್ಲ. ಫೋಟೋದಾಗ ಕೊರಳ ಎಲುಬಿನ ಕೆಳಗ ಮೊದಲ ಸಪಾಟ ಇದ್ದ ಜಾಗಾ ಒಂದೀಟು ತುಂಬಿ ಕಾಣ್ತಿತ್ತು. ಅಂವ ಬೆರಳಲೆ ಫೋಟೋ ದೊಡ್ಡದು ಮಾಡಿ ಮಾಡಿ ಅದ ಜಾಗಾ ನೋಡಿದ. ಶೀಟ್ ನನ್ನ ಕೈಯಾಗ ಕೊಟ್ಟು ಹೋದ.

ಪಂಚಮಿ

ನಾಗರ ಪಂಚಮಿ ಹದಿನೇಳನೇ ವಾರ ಬಂತು. ಶೇಂಗಾ ಉಂಡಿ, ಎಳ್ಳುಂಡಿ, ರವಾ ಉಂಡಿ, ತಂಬಿಟ್ಟು, ಅತ್ತಿ ಮನಿ ಅಕ್ಕನ ಮನಿಯಿಂದ ಬಂದ ಡಬ್ಬಿ. ತಿನ್ನಬ್ಯಾಡ ಅನ್ನೂದಿಲ್ಲ ಅಂತ ಮೊದಲ ತೀರ್ಮಾನ ಮಾಡಿದ್ವಿ, ನಾಕು ದಿನ ತಿಂದ, ಜೋಕಾಲಿ ಆಡಿದ. ವಾರದ ಕಡೀಕ ತೂಕ 1.4 ಕೆಜಿ ಏರಿತ್ತು. ಅವನಿಗೆ ಮರುದಿನಾನ ಉಪವಾಸ ಮಾಡೋ ಆತುರ. ನಾ ಬ್ಯಾಡ ಅಂದೆ, ನಾಕು ದಿನದಾಗ ಅಷ್ಟು ಕೊಬ್ಬು ಕೂಡಂಗಿಲ್ಲ, ಬೆಲ್ಲ ಹಿಟ್ಟು ಜೋಡಿ ಮೈ ನೀರು ಹಿಡೀತೈತಿ ಅಷ್ಟ, ಸುಮ್ಮನ ಹಳೇ ತಾಟಿಗೆ ವಾಪಸ್ ಬಾ. ಒಂಬತ್ತು ದಿನದಾಗ 1.1 ಕೆಜಿ ತಾನ ಇಳೀತು. ಮೊದಲಿನ ಮಲ್ಲು ಆಗಿದ್ರ ಉಪವಾಸ, ಆಮ್ಯಾಲ ಹಸಿವು, ಆಮ್ಯಾಲ ಮಿರ್ಚಿ, ಮತ್ತ ಎಲ್ಲಾ ಬಿಟ್ಟು ಬಿಡೂದು, ಹಂಗ ಆಗ್ತಿತ್ತು.

ಅಕ್ಟೋಬರ್

26ನೇ ವಾರದ ಅಳತಿ: ತೂಕ 71.6, ಸೊಂಟ 84.5, ಎದಿ 99. ಮೊದಲ ದಿನದಕ್ಕಿಂತ 6.8 ಕೆಜಿ ಕಮ್ಮಿ, ಎದಿ ಒಂದು ಸೆಂಟಿಮೀಟರ್ ಜಾಸ್ತಿ. ಬೆಂಚ್ 60 ಕೆಜಿ ಎಂಟು ರೆಪ್ಸ್, ಎದಿಗೆ ಮುಟ್ಟಿಸಿ. ಏಪ್ರಿಲ್‌ನ್ಯಾಗ ಅಂವ 60 ಅಂತ ಹೇಳಿದ್ದ, ಅಕ್ಟೋಬರ್‌ನ್ಯಾಗ 60 ಆತು.

ಇದನ್ನ ನಾ ಪವಾಡ ಅಂತ ಹೇಳಂಗಿಲ್ಲ. ಬಲಗಡೆ ಎದಿ ಈಗ ಚೊಕ್ಕ ಕಾಣ್ತೈತಿ, ಎಡಗಡೆ ತೊಟ್ಟಿನ ಕೆಳಗ ಗ್ರಂಥಿ ಹಂಗ ಐತಿ, ಸುತ್ತ ಕೊಬ್ಬು ಇಳದಿದ್ದಕ್ಕ ಬೆರಳಿಗೆ ಮೊದಲಿಗಿಂತ ಜಾಸ್ತಿ ಹತ್ತತೈತಿ. ಇದನ್ನ ಮೊದಲ ದಿನಾನ ಹೇಳಿದ್ದಕ್ಕ ಅಂವ ಗಾಬರಿ ಆಗಲಿಲ್ಲ. ಎರಡನೇ ಸಲ ಡಾಕ್ಟರ್ ಹತ್ರ ತಾನ ಒಬ್ಬನ ಹೋಗಿ ಬಂದ. ತಗಿಸಬೇಕಂದ್ರ ಸಣ್ಣ ಆಪರೇಷನ್ ಐತಿ, ಅವಸರ ಏನಿಲ್ಲ, ತೂಕ ಒಂದು ಕಡೆ ನಿಂತ ಮ್ಯಾಲ ಬೇಕನಿಸಿದ್ರ ಬಾ ಅಂದಾರ. ಆರು ತಿಂಗಳು ಕಾಯ್ತೀನಿ ಅಂತ ಅವನ ತೀರ್ಮಾನ ಮಾಡ್ಯಾನ.

ಈಗ ತೂಕ ಇಳಿಸೂದು ನಿಲ್ಲಿಸೀವಿ. ರೊಟ್ಟಿ ಐದಕ್ಕ ಏರಿಸೀವಿ, ದಿನಾ ಕ್ರಿಯೇಟಿನ್ (ಭಾರ ಎತ್ತುಮುಂದ ಸ್ನಾಯುವಿಗೆ ಕಸುವು ಕೊಡೋ ಪುಡಿ) 3 ಗ್ರಾಂ ಶುರು ಮಾಡೀವಿ, ಇನ್‌ಕ್ಲೈನ್‌ಗೆ ಒಂದು ಸೆಟ್ ಜಾಸ್ತಿ. ಅವರವ್ವ ಹೋದ ವಾರ ಫೋನ್ ಮಾಡಿ, ಐದನೇ ರೊಟ್ಟಿ ಮಧ್ಯಾಹ್ನ ಹಾಕ್ಲೋ ರಾತ್ರಿ ಹಾಕ್ಲೋ ಅಂತ ಕೇಳಿದ್ರು. ವರ್ಕೌಟ್ ಇದ್ದ ದಿನ ರಾತ್ರಿ, ಇಲ್ಲದ ದಿನ ನಿಮ್ಮ ಇಷ್ಟ ಅಂದೆ. ಡೈರಿ ಬರಿಯೂದು ಅಂವ ಬಿಟ್ಟಿಲ್ಲ, ನಿನ್ನೆ ಹಾಳಿ ನೋಡ್ದೆ, ಚಾ 3 ಅಂತ ಇತ್ತು, ಮೂರನೇದರ ಮುಂದ ಬಳಿ ಅಂಗಡಿ ಅಜ್ಜಿ ಅಂತ ಬರದಿದ್ದ.